ಹಳೆಯ ತಂತಿ ಕತ್ತರಿಸುವ ಮೊದಲು

‘ಕರೆ ಎಷ್ಟು ಬೇಕಾದರೂ ಮಾಡಿ, ಉಚಿತ. ಇಂಟರ್‌ನೆಟ್ ತಿಂಗಳಿಗೆ ಇಷ್ಟೇ’ ಎಂಬ ಬಣ್ಣದ ಚೀಟಿ ಬೆಳಗಿನ ಪೇಪರಿನೊಳಗಿಂದ ಜಾರಿ ಬಿದ್ದ ದಿನ, ಹಳೆಯ ಲ್ಯಾಂಡ್‌ಲೈನಿಗೆ ಬಾಡಿಗೆ ಕಟ್ಟುತ್ತಿರುವ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಹಾಗೇ ಆಯಿತು. ಸಂಪರ್ಕ ಬದಲಿಸಿದ್ದೇನೋ ಸರಿ. ಬದಲಿಸಿದ ಕ್ರಮ ತಪ್ಪಾಗಿತ್ತು. ನೀವು ಆ ತಪ್ಪು ಮಾಡಬೇಡಿ.

ಮೊದಲು ಈ ಪೈಪೋಟಿಯ ಮೂಲ ತಿಳಿದಿರಲಿ. ಒಂದು ಕಾಲಕ್ಕೆ ದೂರವಾಣಿ ಬಿಲ್ಲಿನಲ್ಲಿ ಬಾಡಿಗೆ ಬೇರೆ, ಕರೆ ಬೇರೆ. ಸ್ಥಿರ ದೂರವಾಣಿಯ ಕರೆಗಳಿಗೆ ಒಂದು ಕಂಪನಿ ಇನ್ನೊಂದಕ್ಕೆ ಕೊಡಬೇಕಿದ್ದ ಶುಲ್ಕವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2015ರ ಮಾರ್ಚಿನಿಂದ ಸೊನ್ನೆಗಿಳಿಸಿತು. ಅದೇ ವರ್ಷ ಮೇ 1ರಿಂದ ಬಿಎಸ್‌ಎನ್‌ಎಲ್ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗಿನ ಕರೆಗಳನ್ನು ಉಚಿತ ಮಾಡಿತು. ನಮ್ಮೂರಿನ ಅಮ್ಮಂದಿರು ಬೆಂಗಳೂರಿನ ಮಗಳ ಜೊತೆ ಮಾತಾಡಲು ಗಡಿಯಾರ ನೋಡುತ್ತಾ ಕೂರುತ್ತಿದ್ದ ಕಾಲ ಅದು. 2019ರ ಸೆಪ್ಟೆಂಬರಿನಲ್ಲಿ, ಕರೆ ಮತ್ತು ಇಂಟರ್‌ನೆಟ್ ಎರಡನ್ನೂ ಒಂದೇ ಬಾಡಿಗೆಗೆ ಕೊಡುವ ಜಿಯೋ ಫೈಬರ್ ಮಾರುಕಟ್ಟೆಗೆ ಬಂತು. ಮರುವರ್ಷದ ಸೆಪ್ಟೆಂಬರಿನಲ್ಲಿ ಅದರ ತಿಂಗಳ ಬಾಡಿಗೆ 399 ರೂಪಾಯಿಗೆ ಇಳಿಯಿತು. ಏರ್‌ಟೆಲ್ 499 ಎಂದಿತು, ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ 449 ಎಂದಿತು. ಕರೆಗೆ ಬೆಲೆಯೇ ಇಲ್ಲವಾದ ಮೇಲೆ ಜಗಳವಾಡಲು ಉಳಿದದ್ದು ಬಾಡಿಗೆ ಒಂದೇ.

ಈಗ ಕೆಲಸಕ್ಕೆ ಇಳಿಯೋಣ. ಕಳೆದ ಆರು ತಿಂಗಳ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ. ಒಂದು ಹಾಳೆಯಲ್ಲಿ ಬಾಡಿಗೆ, ತೆರಿಗೆ, ತಡವಾದದ್ದಕ್ಕೆ ಬಿದ್ದ ದಂಡ ಎಲ್ಲವನ್ನೂ ಕೂಡಿಸಿ, ವರ್ಷಕ್ಕೆ ಎಷ್ಟಾಗುತ್ತದೆ ಎಂದು ಬರೆದುಕೊಳ್ಳಿ. ತಿಂಗಳ ಲೆಕ್ಕ ಹಾಕಬೇಡಿ. ಚೀಟಿ ಮುದ್ರಿಸುವವರಿಗೆ ಬೇಕಾಗಿರುವುದು ಅದೇ.

ಹೊಸ ಕಂಪನಿಯ ದರವನ್ನೂ ಹಾಗೆಯೇ ಬಿಡಿಸಿ ನೋಡಿ. ಚೀಟಿಯ ದೊಡ್ಡ ಅಕ್ಷರದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ಸೇರಿರುವುದಿಲ್ಲ. ಶೇ 18 ಸೇರಿದರೆ 399 ರೂಪಾಯಿ 470 ರೂಪಾಯಿ 82 ಪೈಸೆಯಾಗುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ 5,650. ಅಳವಡಿಕೆ ಶುಲ್ಕ ಉಂಟೋ, ಮೋಡೆಮ್ ಅವರದೋ ನಮ್ಮದೋ, ಅದಕ್ಕೆ ಠೇವಣಿ ಎಷ್ಟು, ‘ಅಳವಡಿಕೆ ಉಚಿತ’ ಎಂದರೆ ಆರು ತಿಂಗಳ ಹಣ ಮುಂಗಡವಾಗಿ ಕಟ್ಟಬೇಕೋ ಎಂದು ಕೇಳಿ. ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೂ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಯುತ್ತದೆ ಎಂದು ಕೇಳಲು ಮರೆಯಬೇಡಿ. 2020ರ ಆ ಅಗ್ಗದ ಯೋಜನೆಗಳಲ್ಲೂ ತಿಂಗಳಿಗೆ 3,300 ಜಿಬಿಯ ಗೆರೆ ಇತ್ತು. ಸಾಮಾನ್ಯ ಸಂಸಾರ ಅದನ್ನು ದಾಟುವುದಿಲ್ಲ, ನಿಜ. ಆದರೂ ಉತ್ತರ ಕಾಗದದಲ್ಲಿರಲಿ, ಏಜೆಂಟನ ಬಾಯಲ್ಲಿ ಅಲ್ಲ.

ಇನ್ನು ಯಾವ ಚೀಟಿಯಲ್ಲೂ ಇಲ್ಲದ ವಿಷಯ: ಕರೆಂಟು. ತಾಮ್ರದ ತಂತಿಯ ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತದೆ. ಆದ್ದರಿಂದಲೇ ಮನೆ ಕತ್ತಲಾಗಿದ್ದರೂ ಫೋನು ರಿಂಗಾಗುತ್ತದೆ (ಎಕ್ಸ್‌ಚೇಂಜಿನಲ್ಲಿ ಡೀಸೆಲ್ ಇದ್ದರೆ ಎನ್ನಿ). ಫೈಬರ್ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತಲ್ಲ. ಮನೆಯ ಕರೆಂಟು ಹೋದರೆ ಮೋಡೆಮ್ ಸತ್ತಿತು, ಅದಕ್ಕೆ ಸಿಕ್ಕಿಸಿದ ಫೋನೂ ಸತ್ತಿತು. ಬೆಂಗಳೂರಿನಲ್ಲಿ ಇದು ಅರ್ಧ ಗಂಟೆಯ ಕಿರಿಕಿರಿ. ಆಗುಂಬೆಯ ಆಸುಪಾಸಿನಲ್ಲಿ ಆಷಾಢದ ಗಾಳಿಗೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಮೊದಲೇ ಇಲ್ಲ, ಮನೆಯಲ್ಲಿ ಎಂಬತ್ತು ದಾಟಿದವರಿದ್ದಾರೆ. ಇನ್ವರ್ಟರ್ ಇದ್ದರೆ ಮೋಡೆಮ್ಮನ್ನು ಅದಕ್ಕೆ ಜೋಡಿಸಿ. ಇಲ್ಲವಾದರೆ ರೌಟರಿಗೆಂದೇ ಮಾರುವ ಚಿಕ್ಕ ಯುಪಿಎಸ್‌ನ ಬೆಲೆಯನ್ನೂ ಬಾಡಿಗೆಯ ಲೆಕ್ಕಕ್ಕೆ ಸೇರಿಸಿ. ನಮ್ಮ ಮನೆಯ ಲೆಕ್ಕದಲ್ಲಿ ಮೊದಲ ವರ್ಷದ ಉಳಿತಾಯ ಕರಗಿದ್ದು ಇಲ್ಲಿಯೇ.

ಮುಂದಿನ ಪ್ರಶ್ನೆ ಫೋನ್ ನಂಬರಿನದು. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದೆಲ್ಲೆಡೆ 2011ರ ಜನವರಿಯಿಂದ ಇದೆ. ಲ್ಯಾಂಡ್‌ಲೈನಿಗೆ ಅದು ಬಂದಿಲ್ಲ. ಮನೆಗೆ ಬಂದಿದ್ದ ಏಜೆಂಟ್ ‘ನಂಬರ್ ಹಿಂದಿಂದೆಯೇ ಬರುತ್ತದೆ ಸಾರ್’ ಎಂದ, ನಾವು ನಂಬಿದೆವು. ಮದುವೆ ಕಾಗದಗಳಲ್ಲಿ, ಬ್ಯಾಂಕಿನಲ್ಲಿ, ಅಡಿಕೆ ಮಂಡಿಯ ಪುಸ್ತಕದಲ್ಲಿ ಇದ್ದ 08181ರ ಸಂಖ್ಯೆ ಹೋಗಿಯೇ ಹೋಯಿತು. ನಂಬರ್ ಮುಖ್ಯ ಎನ್ನುವವರು ಈಗಿನ ಕಂಪನಿಯಲ್ಲೇ ಇದ್ದು, ತಾಮ್ರದಿಂದ ಫೈಬರಿಗೆ ಅದೇ ಸಂಖ್ಯೆಯಲ್ಲಿ ಬದಲಿಸಿಕೊಡುತ್ತೀರಾ ಎಂದು ಕೇಳುವುದು ಜಾಣತನ. ಬಿಎಸ್‌ಎನ್‌ಎಲ್‌ನಲ್ಲಿ ಇದಕ್ಕೆ ಅವಕಾಶವಿದೆ; ನಿಮ್ಮ ಎಕ್ಸ್‌ಚೇಂಜಿನಲ್ಲಿ ಆಗುತ್ತದೆಯೇ ಎಂದು ವಿಚಾರಿಸಿ.

ಅಲ್ಲದೆ, ಪಕ್ಕದ ಮನೆಯಲ್ಲಿ ಯಾವುದಿದೆ, ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ ಎಂದು ಕೇಳಿ. ಐವತ್ತು ರೂಪಾಯಿ ಹೆಚ್ಚಾದರೂ ಕರೆದ ದಿನವೇ ಬರುವ ಲೈನ್‌ಮ್ಯಾನ್ ಇರುವ ಕಂಪನಿಯೇ ನನ್ನ ಆಯ್ಕೆ.

ಎಲ್ಲವೂ ಒಪ್ಪಿಗೆಯಾದರೆ ಹೊಸದನ್ನು ಹಾಕಿಸಿ, ಹಳೆಯದನ್ನು ಮುಟ್ಟಬೇಡಿ. ಎರಡೂ ಒಂದು ತಿಂಗಳು ಜೊತೆಗಿರಲಿ. ಒಂದು ಬಾಡಿಗೆ ದಂಡವಾದರೂ ಚಿಂತೆಯಿಲ್ಲ. ಮಳೆಗಾಲವಾದರೆ ಇನ್ನೂ ಒಳ್ಳೆಯದು, ಪರೀಕ್ಷೆ ತಾನಾಗಿ ಆಗುತ್ತದೆ. ನಾವು ಎಡವಿದ್ದು ಇಲ್ಲಿ: ಮೊದಲು ಹಳೆಯದನ್ನು ಕಡಿಸಿ, ಹೊಸದಕ್ಕಾಗಿ ಹತ್ತೊಂಬತ್ತು ದಿನ ಕಾದೆವು.

ಹಳೆಯ ಸಂಪರ್ಕ ಬಿಡುವಾಗ ‘ಬಿಲ್ ಕಟ್ಟದಿದ್ದರೆ ತಾನೇ ಕಡಿತವಾಗುತ್ತದೆ’ ಎಂಬ ಸಲಹೆಗೆ ಕಿವಿಗೊಡಬೇಡಿ. ಆ ಬಾಕಿ ನಿಮ್ಮ ಠೇವಣಿಯನ್ನು ತಿನ್ನುತ್ತದೆ. ಬಾಕಿ ತೀರಿಸಿ, ಲಿಖಿತ ಅರ್ಜಿ ಕೊಟ್ಟು, ಕಂಪನಿಯ ಮೋಡೆಮ್ ಹಿಂದಿರುಗಿಸಿ, ಎರಡಕ್ಕೂ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಠೇವಣಿಯ ಮೂಲ ರಸೀದಿ ಅಪ್ಪನ ಕಾಲದ್ದಾದರೆ, ಸಂಪರ್ಕ ಯಾರ ಹೆಸರಿನಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಹಣ ಬಾರದಿದ್ದರೆ ಕಂಪನಿಯ ದೂರು ಕೇಂದ್ರದಲ್ಲಿ ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಪತ್ರ ಬರೆದು ಕಾಯಬೇಡಿ. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ದೂರವಾಣಿ ತಕರಾರು ಅಲ್ಲಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.

ಅಜ್ಜನ ಕಾಲದ, ಬೆರಳಿಟ್ಟು ತಿರುಗಿಸುವ ಕಪ್ಪು ಫೋನು ನಿಮ್ಮಲ್ಲಿದ್ದರೆ ಹೊಸ ಮೋಡೆಮ್ಮಿಗೆ ಸಿಕ್ಕಿಸಿ ನೋಡಿ. ಬಂದ ಕರೆ ರಿಂಗಾಗಬಹುದು. ನಂಬರ್ ತಿರುಗಿಸಿದರೆ ಹೆಚ್ಚಿನ ಮೋಡೆಮ್‌ಗಳಿಗೆ ಅದು ಅರ್ಥವಾಗುವುದಿಲ್ಲ. ಗುಂಡಿ ಒತ್ತುವ ಒಂದು ಫೋನನ್ನು ಮೊದಲೇ ತಂದಿಟ್ಟುಕೊಳ್ಳಿ.