ಟಿಕ್ ಬಿದ್ದಿದೆ, ಹಮಾಲಿ ಬಿದ್ದಿಲ್ಲ

ಹುಬ್ಬಳ್ಳಿಯಲ್ಲಿ ಕೂತು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಎಲ್ಲರಿಗೂ ಬೇಕಾಗುವ ಬಟನ್, ಪಟ್ಟಿ, ಚೆಕ್‌ಬಾಕ್ಸ್‌ಗಳನ್ನು ಸೇರಿಸಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಲೈಬ್ರರಿ ಮಾಡಿಟ್ಟುಕೊಂಡಿದ್ದೇನೆ. ಅದು ನಿಂತಿರುವುದು ಪೈಕ್ಯೂಟಿ ಮೇಲೆ, ಅಂದರೆ ಕಿಟಕಿ, ಬಟನ್ ತೋರಿಸುವ ಕ್ಯೂಟಿಯನ್ನು ಪೈಥಾನ್‌ನಿಂದ ಬಳಸಲು ಕೊಡುವ ಸಾಧನದ ಮೇಲೆ. ಆ ಪೈಕ್ಯೂಟಿಯನ್ನು ಆವೃತ್ತಿ 5ರಿಂದ 6ಕ್ಕೆ ಏರಿಸಿದ ವಾರವೇ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಫೋನ್ ಬಂತು.

"ಸರ, ಟಿಕ್ ಹಾಕೇನ್ರಿ. ಹಮಾಲಿ ಮಾತ್ರ ಬಿಲ್ಲಿನಾಗ ಬರವಲ್ದ್ರಿ."

ಹಮಾಲಿ, ಅಂದರೆ ಮೂಟೆ ಹೊರುವ ಕೂಲಿ, ಬಿಟ್ಟುಹೋದರೂ ಎರರ್ ಏನೂ ಬಂದಿರಲಿಲ್ಲ. ನನಗೆ ಹೆದರಿಕೆ ಆಗಿದ್ದೇ ಅದಕ್ಕೆ. ಕಡ್ಡಿ, ಡಬ್ಬಿ ಅಂತ ತಳಿ ಆರಿಸುವ ಪಟ್ಟಿಯಲ್ಲೂ ಸಿಗ್ನಲ್, ಅಂದರೆ ಏನಾದರೂ ಬದಲಾದಾಗ ನನ್ನ ಕೋಡಿಗೆ ಬರುವ ಸುದ್ದಿ, ಬೇರೆ ಆಗಿತ್ತು. ಕರೆಂಟ್‌ಇಂಡೆಕ್ಸ್‌ಚೇಂಜ್ಡ್ ಈಗ ಹೆಸರು ಕಳಿಸುವುದಿಲ್ಲ, ನಂಬರ್ ಮಾತ್ರ ಕಳಿಸುತ್ತದೆ. ಆದರೆ ಆ ತಪ್ಪಿಗೆ ಪ್ರೋಗ್ರಾಮ್ ತೆರೆದ ಕೂಡಲೇ ಎರರ್ ಬಂದು ನಿಂತುಬಿಟ್ಟಿತ್ತು. ಕರೆಂಟ್‌ಟೆಕ್ಸ್ಟ್‌ಚೇಂಜ್ಡ್ ಹಾಕಿದೆ, ಮುಗಿಯಿತು.

ಚೆಕ್‌ಬಾಕ್ಸ್ ಹಾಗಲ್ಲ. ಸ್ಟೇಟ್‌ಚೇಂಜ್ಡ್ ಸಿಗ್ನಲ್ ಬರುತ್ತಲೇ ಇತ್ತು. ಏನು ಬರುತ್ತಿದೆ ಅಂತ ಪ್ರಿಂಟ್ ಹಾಕಿ ನೋಡಿದೆ: 2. ಟಿಕ್ ಬಿದ್ದರೆ 2, ತೆಗೆದರೆ 0, ಅರ್ಧಂಬರ್ಧ ಇದ್ದರೆ 1. ಎಲ್ಲ ಸರಿಯಾಗಿಯೇ ಇದೆ. ಮುಂದಿನ ಸಾಲಿನಲ್ಲಿ ಆ 2 ಮತ್ತು ಟಿಕ್ ಬಿದ್ದಿದೆ ಅನ್ನುವುದಕ್ಕೆ ಪೈಕ್ಯೂಟಿ ಇಟ್ಟ ಹೆಸರಾದ ಚೆಕ್‌ಸ್ಟೇಟ್.ಚೆಕ್ಡ್ ಎರಡೂ ಒಂದೇನಾ ಅಂತ ಹೋಲಿಸಿದ್ದೆ. ಉತ್ತರ: ಇಲ್ಲ! ಪೈಕ್ಯೂಟಿ 5ರಲ್ಲಿ ಈ ಚೆಕ್ಡ್ ಅನ್ನುವುದು ಒಳಗೆ ಬರೀ ಸಂಖ್ಯೆ. 6ರಲ್ಲಿ ಅದು ಪೈಥಾನ್‌ನದೇ ಈನಮ್, ಅಂದರೆ ಸಂಖ್ಯೆಯಲ್ಲದ, ಹೆಸರಿಟ್ಟ ಬೆಲೆ ಆಗಿದೆ. ಸಂಖ್ಯೆಗೂ ಅದಕ್ಕೂ ಎಂದೂ ಸಮ ಆಗುವುದಿಲ್ಲ. ಪೈಥಾನ್ ಗದರಿಸುವುದೂ ಇಲ್ಲ, ಸುಮ್ನೆ ಇಲ್ಲ ಅಂದು ಮುಂದೆ ಹೋಗುತ್ತದೆ. ಟಿಕ್ ಕಾಣುತ್ತದೆ, ಹಮಾಲಿ ಸೇರುವುದಿಲ್ಲ.

ಮೊದಲು ಟಾಗಲ್ಡ್ ಸಿಗ್ನಲ್‌ಗೆ ಬದಲಿಸಿದೆ. ಅದು ಹೌದು, ಇಲ್ಲ ಅಂತ ನೇರವಾಗಿ ಹೇಳುತ್ತದೆ, 5ರಲ್ಲೂ 6ರಲ್ಲೂ ಇದೆ. ಹಮಾಲಿಗೆ ಅಷ್ಟು ಸಾಕು. ಆದರೆ "ಎಲ್ಲ ಲಾಟ್" ಅನ್ನುವ ಬಾಕ್ಸ್‌ಗೆ ಮೂರು ಸ್ಥಿತಿ. ಅರ್ಧದಿಂದ ಪೂರ್ತಿಗೆ ಹೋದಾಗ ಟಾಗಲ್ಡ್ ಬರುವುದೇ ಇಲ್ಲ, ಯಾಕಂದರೆ ಅರ್ಧವನ್ನೂ ಅದು ಹೌದು ಅಂತಲೇ ಲೆಕ್ಕ ಹಿಡಿಯುತ್ತದೆ. ಪೈಕ್ಯೂಟಿ 6.7ರಲ್ಲಿ ಬಂದ ಚೆಕ್‌ಸ್ಟೇಟ್‌ಚೇಂಜ್ಡ್ ಸಿಗ್ನಲ್ ಈನಮ್ಮನ್ನೇ ಕೊಡುತ್ತದೆ. ಚೆನ್ನಾಗಿದೆ, ಆದರೆ ನನ್ನ ಗಿರಾಕಿಗಳಲ್ಲಿ ಕೆಲವರು ಇನ್ನೂ ವಿಂಡೋಸ್ 7ರಲ್ಲಿದ್ದಾರೆ. ಅಲ್ಲಿ ಕ್ಯೂಟಿ 6 ನಡೆಯುವುದಿಲ್ಲ. ಅವರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಹಾಗಾಗಿ ಸ್ಟೇಟ್‌ಚೇಂಜ್ಡ್ ಉಳಿಸಿಕೊಂಡೆ. ಬಂದ ಸಂಖ್ಯೆಯನ್ನು ಮೊದಲು ಚೆಕ್‌ಸ್ಟೇಟ್ ಆಗಿ ಬದಲಿಸಿ, ಆಮೇಲೆ ಹೋಲಿಸಿದೆ. ಒಂದೇ ಸಾಲು, ಎರಡೂ ಆವೃತ್ತಿಯಲ್ಲಿ ನಡೆಯುತ್ತದೆ. ನಂತರ ಲೈಬ್ರರಿ ಪೂರ್ತಿ ಹುಡುಕಿದಾಗ ಇಂಥದೇ ಹೋಲಿಕೆ ಇನ್ನೂ ಎರಡು ಕಡೆ ಸಿಕ್ಕಿತು. ಈಗ ಟೆಸ್ಟ್‌ನಲ್ಲಿ ಬಿಲ್ಲಿನ ಮೊತ್ತವನ್ನೇ ನೋಡುತ್ತೇನೆ, ಟಿಕ್ ಕಂಡರೆ ಸಾಕು ಅನ್ನುವುದಿಲ್ಲ.

ಬ್ಯಾಡಗಿಗೆ ನಾನೇ ಹೋದೆ. ಮೂರು ದಿನದ ಬಿಲ್ಲುಗಳನ್ನು ಅವರ ಕೈಬರಹದ ವಹಿಯ ಜೊತೆ ಒಂದೊಂದೇ ತಾಳೆ ನೋಡಿ, ಬಿಟ್ಟುಹೋದ ಹಮಾಲಿಯನ್ನು ಅಲ್ಲೇ ಕೂತು ಸೇರಿಸಿ ಬಂದೆ.