ಡುಮ್ಮ, ಡುಮ್ಮಿ: ಯಾರಿಗೆ ಅನ್ನಬಹುದು, ಯಾರಿಗೆ ಬೇಡ

ದಪ್ಪಗಿರುವ ಹುಡುಗ ಡುಮ್ಮ, ಹುಡುಗಿ ಡುಮ್ಮಿ. ಕೂಸಿಗೆ ‘ಡುಮ್ಮಕ್ಕಾ, ಬಾ’ ಅಂದರೆ ಅದು ಮುದ್ದು, ಧಾರಾಳವಾಗಿ ಅನ್ನಿ. ‘ದಡಿಯ’, ‘ಧಡೂತಿ’ ಹಾಗಲ್ಲ, ಅವುಗಳಲ್ಲಿ ಒರಟುತನವೇ ಜಾಸ್ತಿ. ‘ಗುಂಡ’ ಮಾತ್ರ ಬೇರೆ, ಎಷ್ಟೋ ಮನೆಗಳಲ್ಲಿ ಸಣಕಲು ಹುಡುಗನನ್ನೂ ಗುಂಡ ಅಂತಲೇ ಕರೆಯುತ್ತಾರೆ, ಅಲ್ವಾ?

ತೊಂದರೆ ಶುರುವಾಗುವುದು ಮಗು ಬೆಳೆದ ಮೇಲೆ. 5 ವರ್ಷಕ್ಕೆ ಮುದ್ದಾಗಿದ್ದ ‘ಡುಮ್ಮಿ’, 13ಕ್ಕೆ ಮದುವೆ ಮನೆಯಲ್ಲಿ ನೆಂಟರೆಲ್ಲ ಸಾಲಾಗಿ ಊಟಕ್ಕೆ ಕೂತಾಗ ಕಿವಿಗೆ ಬಿದ್ದರೆ, ಆ ಹುಡುಗಿ ಇಷ್ಟವಿದ್ದರೂ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವುದಿಲ್ಲ. ಅವಳೇ ನಗುತ್ತಾ ಹೇಳಿಕೊಂಡರೂ ನೀವು ಹೇಳಬೇಡಿ. ಆಫೀಸಿನಲ್ಲಂತೂ ಬೇಡವೇ ಬೇಡ. ಬಹಳ ದಿನದ ಮೇಲೆ ಸಿಕ್ಕವರಿಗೆ ‘ಸ್ವಲ್ಪ ಮೈ ತುಂಬಿಕೊಂಡಿದ್ದೀರಿ’ ಅನ್ನುವುದೂ ಸುಮ್ನೆ ಯಾಕೆ? ‘ಹೇಗಿದ್ದೀರಿ, ಮನೇಲಿ ಎಲ್ಲ ಚೆನ್ನಾಗಿದ್ದಾರಾ’ ಅಂತ ಕೇಳಿ.