ಓಡುವ ಕಾರನ್ನು ನಿಲ್ಲಿಸಬೇಡಿ: ಹಳೆಯ ಕಾರುಗಳ ರೇಸ್ ಫೋಟೊ ತೆಗೆಯುವ ಬಗೆ

ಕಂಬಳದ ಫೋಟೊ ತೆಗೆದು ರೂಢಿಯಾದವರು ಕಾರ್ ರೇಸಿಗೆ ಹೋದರೆ ಮೊದಲ ದಿನ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ನನಗೂ ಹಾಗೆಯೇ ಆಗಿತ್ತು. ಕರೆಯ (ಕೋಣಗಳು ಓಡುವ ಕೆಸರು ಹಾದಿಯ) ತುದಿಯಲ್ಲಿ ನಿಂತು 1/2000 ಸೆಕೆಂಡಿನಲ್ಲಿ ಕ್ಲಿಕ್ಕಿಸಿದರೆ ಕೋಣಗಳ ಸುತ್ತ ಎದ್ದ ಕೆಸರುನೀರೇ ಅವುಗಳ ವೇಗವನ್ನು ಹೇಳುತ್ತದೆ. ಒಣ ಡಾಂಬರಿನ ಮೇಲೆ ಹಾಗೆ ಹೇಳುವವರು ಯಾರೂ ಇಲ್ಲ. ಗಂಟೆಗೆ 160 ಕಿ.ಮೀ. ವೇಗದಲ್ಲಿ ಬರುವ ಕಾರನ್ನು ಅದೇ ಶಟರ್ ಸ್ಪೀಡಿನಲ್ಲಿ ಹಿಡಿದರೆ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಣಿಸಬಹುದು. ಕಾರು ಮಾತ್ರ ರಸ್ತೆ ಬದಿಗೆ ನಿಲ್ಲಿಸಿಟ್ಟಂತೆ ಕಾಣುತ್ತದೆ. ವೇಗವನ್ನು ಹೇಳಬೇಕಾದದ್ದು ತಿರುಗುವ ಚಕ್ರ, ಹಿಂದೆ ಗೆರೆಗೆರೆಯಾಗಿ ಸರಿಯುವ ಹುಲ್ಲು ಮತ್ತು ಸ್ಟೀರಿಂಗ್ ಹಿಡಿದು ಒದ್ದಾಡುವ ಚಾಲಕನ ತೋಳು.

ಆ ತೋಳಿಗಾಗಿಯೇ ನಾನು ಹಳೆಯ ಕಾರುಗಳ ರೇಸಿಗೆ ಹೋಗುವುದು. ಈಗಿನ ರೇಸ್ ಕಾರಿನಲ್ಲಿ ಚಾಲಕ ಹೊದಿಕೆಯೊಳಗೆ ಹುದುಗಿರುತ್ತಾನೆ, ಕಾಣುವುದು ಹೆಲ್ಮೆಟ್ಟಿನ ತುದಿಯಷ್ಟೇ. 1950ರ ದಶಕದ ಮಾಸೆರಾಟಿ 250ಎಫ್‌ನಲ್ಲಾದರೆ ಅವನು ಎದೆ ಎತ್ತಿ ಕುಳಿತಿರುತ್ತಾನೆ. ಮೊಣಕೈ ಹೊರಗೆ ಬರುತ್ತದೆ, ತಲೆ ತಿರುವಿನ ಕಡೆ ವಾಲುತ್ತದೆ. ಚಿತ್ರ ಇರುವುದು ಅಲ್ಲಿ.

ಇಂಥ ಫೋಟೊ ಕಲಿಯಲು ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ ಎಂಬ ರೇಸ್ ಕೂಟಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಚಿಚೆಸ್ಟರ್ ಊರಿನ ಹತ್ತಿರ ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನಗಳ ನೆಲೆಯೊಂದಿತ್ತು. ಅದರ ಅಂಚಿನ ರಸ್ತೆಯೇ 1948ರ ಸೆಪ್ಟೆಂಬರಿನಲ್ಲಿ ರೇಸ್ ಟ್ರ್ಯಾಕ್ ಆಯಿತು. (ನಮ್ಮ ಚೆನ್ನೈ ಬಳಿಯ ಶೋಲಾವರಂನಲ್ಲೂ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆಯೇ ರೇಸ್ ನಡೆಯುತ್ತಿತ್ತು.) 1966ರಲ್ಲಿ ಗುಡ್‌ವುಡ್‌ನಲ್ಲಿ ರೇಸ್ ನಿಂತಿತು. ಟ್ರ್ಯಾಕ್ ಕಟ್ಟಿಸಿದ ರಿಚ್ಮಂಡ್ ಡ್ಯೂಕ್‌ನ ಮೊಮ್ಮಗ 1998ರಲ್ಲಿ ಅದನ್ನು ಮತ್ತೆ ತೆರೆದರು. ಅಂದಿನಿಂದ ಸೆಪ್ಟೆಂಬರಿನ ಮೂರು ದಿನ 1948ರಿಂದ 1966ರವರೆಗಿನ ಬಗೆಯ ಕಾರುಗಳು ಅಲ್ಲಿ ನಿಜವಾಗಿ ಸೆಣಸುತ್ತವೆ. ಅದು ಮೆರವಣಿಗೆ ಅಲ್ಲ. ನೋಡಲು ಬಂದವರೂ ಆ ಕಾಲದ ಉಡುಪು ತೊಟ್ಟಿರುತ್ತಾರೆ.

ಮೊದಲು ಮನೆ ಹತ್ತಿರ ಪಳಗಿ

ವಿಮಾನ ಹತ್ತುವ ಮೊದಲು ಎರಡು ವಾರ ನಿಮ್ಮ ಬೀದಿಯಲ್ಲೇ ಅಭ್ಯಾಸ ಮಾಡಿ. ಬೈಕು, ಆಟೊ, ಸಿಟಿ ಬಸ್ಸು ಯಾವುದಾದರೂ ಸರಿ. ಫುಟ್‌ಪಾತ್ ಮೇಲೆ ಹಿಂದೆ ಸರಿದು ನಿಲ್ಲಿ. ಎಲ್ಲಿ ಕ್ಲಿಕ್ಕಿಸಬೇಕೋ ಆ ಕಡೆಗೆ ಪಾದಗಳಿರಲಿ, ಸೊಂಟದಿಂದ ಮೇಲೆ ಮಾತ್ರ ವಾಹನ ಬರುವ ಕಡೆ ತಿರುಗಿ. ಮೊಣಕೈಗಳು ಪಕ್ಕೆಗೆ ಒತ್ತಿರಲಿ. ಬಸ್ಸು ದೂರದಲ್ಲಿರುವಾಗಲೇ ಅದನ್ನು ಚೌಕಟ್ಟಿನೊಳಗೆ ತಂದು, ಅದರ ಜೊತೆಗೇ ಮೈ ತಿರುಗಿಸುತ್ತ ಬನ್ನಿ. ನಿಮ್ಮ ನೇರಕ್ಕೆ ಬಂದಾಗ ಬಟನ್ ಒತ್ತಿ. ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಮುಕ್ಕಾಲು ಪಾಲು ಫೋಟೊಗಳು ಕೆಡುವುದು ಇಲ್ಲಿಯೇ: ಬಟನ್ ಒತ್ತಿದ ಕೂಡಲೇ ಕೈ ನಿಂತುಬಿಡುತ್ತದೆ.

ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಕ್ಯಾಮೆರಾ ಶಟರ್ ಪ್ರಯಾರಿಟಿಯಲ್ಲಿರಲಿ (ಶಟರ್ ಸ್ಪೀಡ್ ನೀವು ಇಡುತ್ತೀರಿ, ಲೆನ್ಸಿನ ಕಿಂಡಿಯನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ), ಫೋಕಸ್ ನಿರಂತರ ಹಿಂಬಾಲಿಸುವ ವಿಧಾನದಲ್ಲಿರಲಿ. ಲೆನ್ಸಿನಲ್ಲಿ ಪ್ಯಾನಿಂಗ್‌ಗೆಂದೇ ಬೇರೆ ಸ್ಟೆಬಿಲೈಸರ್ (ಅದುರು ತಡೆಯುವ) ವಿಧಾನ ಇದ್ದರೆ ಅದನ್ನು ಹಾಕಿಕೊಳ್ಳಿ. 1/250ರಿಂದ ಶುರು ಮಾಡಿ. ಕೈ ಕುದುರಿದಂತೆ 1/125ಕ್ಕೆ, ಆಮೇಲೆ 1/60ಕ್ಕೆ ಇಳಿಯಿರಿ. 160 ಕಿ.ಮೀ. ವೇಗದ ಕಾರು 1/60 ಸೆಕೆಂಡಿನಲ್ಲಿ ಸುಮಾರು 75 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಷ್ಟು ಹೊತ್ತು ನಿಮ್ಮ ಮೈಯೂ ಅದರ ಜೊತೆ ಹೋಗಬೇಕು. ಮೊದಮೊದಲು ನೂರಕ್ಕೆ ನಾಲ್ಕು ಚಿತ್ರ ಚೊಕ್ಕವಾಗಿ ಬಂದರೂ ಬೇಸರ ಬೇಡ, ನನಗೆ ಅಷ್ಟೂ ಬರುತ್ತಿರಲಿಲ್ಲ.

ನಿಲ್ಲುವ ಜಾಗ

ಲೆನ್ಸಿಗಿಂತ ಇದು ದೊಡ್ಡದು. 70-200 ಮಿ.ಮೀ. ಲೆನ್ಸಿನಲ್ಲೇ ಗುಡ್‌ವುಡ್‌ನ ಬಹುಪಾಲು ಕೆಲಸ ಆಗುತ್ತದೆ. ಟ್ರ್ಯಾಕಿನ ಒಂದು ಸುತ್ತು ಸುಮಾರು 3.8 ಕಿ.ಮೀ. ಬೆಳಿಗ್ಗೆ ಬೇಗ ಹೋಗಿ, ಎಷ್ಟು ಆಗುತ್ತದೋ ಅಷ್ಟು ನಡೆದು ನೋಡಿ.

ಕಾರುಗಳು ಓಡುವುದು ಪ್ರದಕ್ಷಿಣೆಯ ದಿಕ್ಕಿನಲ್ಲಿ, ಹಾಗಾಗಿ ಹೆಚ್ಚಿನವು ಬಲ ತಿರುವುಗಳು. ಟ್ರ್ಯಾಕಿನ ಹೊರಬದಿಯ ದಿಣ್ಣೆಯ ಮೇಲೆ ನಿಂತ ನಿಮಗೆ ಮ್ಯಾಡ್ಜ್‌ವಿಕ್, ಲ್ಯಾವಂಟ್ ತಿರುವುಗಳಲ್ಲಿ ಕಾರು ನಿಮ್ಮ ಮೇಲೇ ನುಗ್ಗಿ ಬಂದಂತೆ ಕಾಣುತ್ತದೆ. ಅಲ್ಲಿ ಪ್ಯಾನಿಂಗ್‌ಗೆ ಹಟ ಹಿಡಿಯಬೇಡಿ. ಹಳೆಯ ಕಾರಿನ ಟೈರುಗಳು ಸಪೂರ, ಹಿಡಿತ ಕಡಿಮೆ. ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಜಾರುತ್ತದೆ, ಚಾಲಕ ಸ್ಟೀರಿಂಗನ್ನು ತಿರುವಿನ ಎದುರು ದಿಕ್ಕಿಗೆ ಎಳೆದು ಸಂಭಾಳಿಸುತ್ತಾನೆ. ರಸ್ತೆ ಬಲಕ್ಕೆ, ಮುಂದಿನ ಚಕ್ರಗಳು ಎಡಕ್ಕೆ. ಆ ಚಣ ಸಿಕ್ಕರೆ 1/400 ಆದರೂ ನಡೆದೀತು, ವಾರೆಯಾದ ಚಕ್ರಗಳೇ ಓಟವನ್ನು ಹೇಳುತ್ತವೆ.

ಸೇಂಟ್ ಮೇರೀಸ್‌ನಲ್ಲಿ ರಸ್ತೆ ಇಳಿಯುತ್ತ ಎಡಕ್ಕೆ ಹೊರಳುತ್ತದೆ. 1962ರಲ್ಲಿ ಬ್ರಿಟನ್ನಿನ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಅವರ ಲೋಟಸ್ ಕಾರು ಅಪಘಾತಕ್ಕೀಡಾಗಿ, ಅವರ ಗ್ರ್ಯಾಂಡ್ ಪ್ರಿ ಬದುಕು ಮುಗಿದದ್ದು ಈ ತಿರುವಿನಲ್ಲೇ. ಎಡ ತಿರುವಾದ್ದರಿಂದ ಹೊರಬದಿಯಲ್ಲಿ ನಿಂತ ನೀವು ಇಲ್ಲಿ ತಿರುವಿನ ಒಳಮಗ್ಗುಲಿಗೆ ಬರುತ್ತೀರಿ. ಕಾರು ನಿಮ್ಮ ಸುತ್ತ ಬಿಲ್ಲಿನಂತೆ ಬಾಗಿ ಹಾಯುತ್ತದೆ. ನಿಮಗೂ ಕಾರಿಗೂ ನಡುವಿನ ದೂರ ಒಂದಿಷ್ಟು ಹೊತ್ತು ಹೆಚ್ಚು ಬದಲಾಗುವುದಿಲ್ಲ. ಮೂತಿಯಿಂದ ಬಾಲದವರೆಗೆ ಕಾರು ಚೊಕ್ಕ, ಹಿನ್ನೆಲೆ ಮಾತ್ರ ಕಲಸಿಹೋಗಿರುವ ಚಿತ್ರ ಸಿಗುವುದು ಇಂಥ ಕಡೆ. ಫೋಕಸ್ ಬಿಂದು ಬಾನೆಟ್ಟಿನ ಮೇಲಲ್ಲ, ಚಾಲಕನ ಹೆಲ್ಮೆಟ್ಟಿನ ಮೇಲಿರಲಿ.

ಹಿನ್ನೆಲೆಯನ್ನೂ ಗಮನಿಸಿ. ಜನರ ಉಡುಪು ಆ ಕಾಲದ್ದೇ, ಆದರೆ ಎತ್ತಿ ಹಿಡಿದ ಮೊಬೈಲುಗಳು ಈಗಿನವು. 1/60ರಲ್ಲಿ ಅವೂ ಗೆರೆಗಳಾಗಿ ಕರಗುತ್ತವೆ.

ಬೆಳಕು

ನಡುಹಗಲ ಬಿಸಿಲಿನಲ್ಲಿ 1/60 ಇಟ್ಟರೆ ಕ್ಯಾಮೆರಾ ಎಫ್/22ರ ತನಕ ಕಿಂಡಿ ಮುಚ್ಚುತ್ತದೆ. ಆಗ ಚಿತ್ರದ ಹರಿತ ಕಡಿಮೆಯಾಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಗಳಾಗಿ ಆಕಾಶದಲ್ಲಿ ಮೂಡುತ್ತದೆ. ಐಎಸ್ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100ಕ್ಕೆ ಇಳಿಸಿ, ಪೋಲರೈಸರ್ ಫಿಲ್ಟರ್ ಹಾಕಿ. ಅದು ಬೆಳಕನ್ನು ತಡೆಯುವುದಲ್ಲದೆ ಗಾಜಿನ ಮೇಲಿನ ಹೊಳಪನ್ನೂ ತಗ್ಗಿಸುತ್ತದೆ, ಮುಚ್ಚಿದ ಕಾರಿನಲ್ಲೂ ಚಾಲಕನ ಮುಖ ಕಾಣುತ್ತದೆ. ಮೋಡ ಕವಿದರೆ ಫಿಲ್ಟರ್ ಕಳಚಿಬಿಡಿ. ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನ ಮೇಲೆ ಹಾರಿ ಬಂದಾಗಲೂ ಶಟರ್ ಏರಿಸಬೇಡಿ, 1/200ರ ಆಸುಪಾಸಿನಲ್ಲಿದ್ದರೆ ಪ್ರೊಪೆಲ್ಲರ್ ಚಕ್ರದಂತೆ ಸುತ್ತುವುದು ಕಾಣುತ್ತದೆ.

ಪ್ಯಾಡಕ್ಕಿನಲ್ಲಿ

ಎರಡು ರೇಸುಗಳ ನಡುವೆ ಕಾರುಗಳು ನಿಲ್ಲುವ ಪ್ಯಾಡಕ್ಕಿಗೆ ಹೋಗಿ. ಇಲ್ಲಿಗೆ ಹಳೆಯ ಕಾಲದ ಉಡುಪು ಬೇಕು, ಹಾಗಾಗಿ ಒಂದು ಕೋಟು, ಟೈ ಪೆಟ್ಟಿಗೆಯಲ್ಲಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ವಾಸನೆ. ಸುಟ್ಟ ಎಣ್ಣೆಯ ಆ ಸಿಹಿ ಘಾಟು ಎಲ್ಲೋ ಗೊತ್ತಿದ್ದದ್ದು ಎನಿಸಿತು, ಅದು ಹರಳೆಣ್ಣೆ. ಹಳೆಯ ರೇಸ್ ಎಂಜಿನ್ನುಗಳಿಗೆ ಹರಳೆಣ್ಣೆ ಆಧಾರದ ಕ್ಯಾಸ್ಟ್ರಾಲ್ ಆರ್ ಹಾಕುತ್ತಿದ್ದರು, ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಆ ಎಣ್ಣೆಯಿಂದಲೇ. ಅಜ್ಜಿ ನನ್ನ ನೆತ್ತಿಗೆ ಹಾಕುತ್ತಿದ್ದ ಎಣ್ಣೆ ಅದು. ವಾಸನೆಯ ಫೋಟೊ ತೆಗೆಯಲಾಗದು. ಕಾರಿನಡಿ ಇಟ್ಟ ತಗಡಿನ ತಟ್ಟೆಗೆ ಎಣ್ಣೆ ತೊಟ್ಟಿಕ್ಕುವುದನ್ನು, ಬಾನೆಟ್ಟನ್ನು ಬಿಗಿದ ತೊಗಲಿನ ಪಟ್ಟಿಯನ್ನು, ಅದರ ತೂತುಗಳ ಸುತ್ತ ಸವೆದು ಬಿಳಿಚಿದ ಜಾಗವನ್ನು ತೆಗೆಯಬಹುದು. 50 ಮಿ.ಮೀ. ಲೆನ್ಸು ಸಾಕು. ಮೆಕ್ಯಾನಿಕ್‌ಗಳನ್ನು ಕೇಳಿಯೇ ಕ್ಯಾಮೆರಾ ಎತ್ತಿ, ಕಾರು ಮುಟ್ಟಬೇಡಿ.

ಶುಕ್ರವಾರದ ಸಂಜೆ

ವೇಳಾಪಟ್ಟಿಯಲ್ಲಿ ಮುಸ್ಸಂಜೆಗೆ ಜಾರುವ ರೇಸ್ ಇದ್ದರೆ ಅದಕ್ಕೆ ಒಂದು ಬ್ಯಾಟರಿ, ಒಂದು ಕಾರ್ಡು ಉಳಿಸಿಕೊಳ್ಳಿ. ಐಎಸ್ಒ 1600, ಶಟರ್ 1/30. ಹೆಡ್‌ಲೈಟಿನ ಬೆಳಕು ನಾರಿನಂತೆ ಎಳೆದುಕೊಳ್ಳುತ್ತದೆ, ಫೆರಾರಿಯ ಕೆಂಪು ಕಪ್ಪಾಗುತ್ತ ಬರುತ್ತದೆ. ಇಲ್ಲಿ ಪೂರ್ತಿ ಚೊಕ್ಕವಾದ ಚಿತ್ರಕ್ಕೆ ಕಾಯಬೇಡಿ.

ರಾತ್ರಿ ಚಿತ್ರಗಳನ್ನು ಆರಿಸುವಾಗ ಕಂದು ಬಣ್ಣ ಬಳಿದು ಹಳತು ಮಾಡುವ ಫಿಲ್ಟರ್ ಹಾಕಬೇಡಿ. ಆ ಕಾರುಗಳು ಓಡಿದ್ದು ಇವತ್ತು. ಪ್ರತಿ ಚಿತ್ರವನ್ನೂ ದೊಡ್ಡದು ಮಾಡಿ ಹೆಲ್ಮೆಟ್ ನೋಡಿ, ಅದು ಅದುರಿದ್ದರೆ ಬಿಡಿ. ನನ್ನ ಬಳಿ ಬಾನೆಟ್ಟು, ಬಾಲ ಎರಡೂ ಅದುರಿದ ಒಂದು ಚಿತ್ರವಿದೆ. ಕನ್ನಡಕದ ಒಂದು ಗಾಜು ಮತ್ತು ಸ್ಟೀರಿಂಗ್ ದಾಟಿ ಬಂದ ಬಲಗೈ ಮಾತ್ರ ಅದರಲ್ಲಿ ಸ್ಪಷ್ಟ. ಗೋಡೆಗೆ ಹಾಕಿಕೊಂಡಿರುವುದು ಅದನ್ನೇ.